ಪಕ್ಕದ ಸೀಟಿನ ಸೀನು

ಪ್ರತಿ ವರ್ಷ ಒಂದೆರಡು ಒಳ್ಳೆ ಮಳೆ ಬಿದ್ದು ಖಾಲಿ ಸೈಟೆಲ್ಲ ಹಸಿರಾಗ್ತಿದ್ದಂಗೆ ನನ್ನ ಮೂಗು ನನ್ನ ಮಾತು ಕೇಳೋದು ಬಿಡುತ್ತೆ. ಆಮೇಲೆ ಎರಡು ಮೂರು ತಿಂಗಳು ಏನಾದ್ರೂ ಒಂದು ನಡೀತಾನೇ ಇರುತ್ತೆ. ನಾನು ವಿಜಯನಗರದ ಒಂದು ಡ್ರೈವಿಂಗ್ ಸ್ಕೂಲಲ್ಲಿ ಇಪ್ಪತ್ತೆರಡು ವರ್ಷದಿಂದ ಕಾರು ಕಲಿಸ್ತಾ ಇದೀನಿ. ಇದುವರೆಗೆ ಯಾರಿಗೂ ಪೆಟ್ಟಾಗಿಲ್ಲ. ಮರ್ಯಾದೆ ಲೆಕ್ಕಕ್ಕೆ ಬರಲ್ಲ ಅನ್ನೋದಾದ್ರೆ, ನಷ್ಟನೂ ಆಗಿಲ್ಲ. ಹೋದ ವರ್ಷದ ಸೀಸನ್ನಲ್ಲಿ ಆಗಿದ್ದನ್ನ ಮಾತ್ರ ಹೇಳ್ತೀನಿ.

ತಪ್ಪಿನ ಪುಸ್ತಕ

ಕಾರು ಕಲಿಯೋಕೆ ಖಾಲಿ ರೋಡ್ ಬೇಕು. ಖಾಲಿ ರೋಡ್ ಸಿಗೋದು ಕೆಂಗೇರಿ ಆಚೆ, ಇನ್ನೂ ಮನೆ ಏಳದಿರೋ ಹೊಸ ಲೇಔಟಲ್ಲಿ. ಅಲ್ಲಿ ರೋಡಿನ ಎರಡೂ ಕಡೆ ಖಾಲಿ ಸೈಟು. ಸೈಟ್ ತುಂಬ ಸೊಂಟದೆತ್ತರಕ್ಕೆ ಪಾರ್ಥೇನಿಯಂ, ತಲೆ ಮೇಲೆ ಬಿಳೀ ಹೂವಿಟ್ಕೊಂಡು ನನಗೋಸ್ಕರ ಕಾಯ್ತಿರುತ್ತೆ.

ನನಗೆ ಒಂದು ಸೀನು ಬರಲ್ಲ. ಬಂದ್ರೆ ಸಾಲಾಗಿ ಏಳೆಂಟು. ಕಣ್ಣು ಮುಚ್ಚುತ್ತೆ, ಮೈ ಮುಂದಕ್ಕೆ ಬಾಗುತ್ತೆ, ಬಲಗಾಲು ತಾನೇ ಕೆಳಗೆ ಒತ್ತುತ್ತೆ. ಕಲಿಸೋ ಕಾರಲ್ಲಿ ನಮ್ಮ ಕಡೆ ಕಾಲ ಹತ್ರಾನೂ ಒಂದು ಬ್ರೇಕ್ ಇರುತ್ತಲ್ಲ, ಅದರ ಮೇಲೇ ಆ ಕಾಲು. ನಾನು ಸೀನಿದ್ರೆ ಕಾರು ನಿಲ್ಲುತ್ತೆ.

ಆಗ ಚಂದ್ರಾ ಲೇಔಟಿಂದ ಒಬ್ರು ಮೇಡಂ ಸೇರಿದ್ರು. ಐವತ್ನಾಲ್ಕು ವರ್ಷ. ಅವರ ಯಜಮಾನ್ರಿಗೆ ಎಂಟು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಬಲಗಡೆ ಕೈ ಕಾಲು ಸೋತಿತ್ತು, ಮಾತೂ ನಿಂತಿತ್ತು. ವಾರಕ್ಕೆ ಮೂರು ದಿನ ಕೆಂಗೇರೀಲಿ ಫಿಸಿಯೋಥೆರಪಿ. ಆಟೋ ಹತ್ತಿಸೋಕೆ ಇಬ್ರು ಬೇಕು, ಇಳಿಸೋಕೆ ಮೂವರು. ಮನೆ ಮುಂದೆ ಯಜಮಾನ್ರ ಕಾರು ಕವರ್ ಹೊದ್ಕೊಂಡು ನಿಂತೇ ಇತ್ತು. ಮೇಡಂ ಎಲ್ಎಲ್, ಅಂದ್ರೆ ಕಲಿಯೋರ ಲೈಸೆನ್ಸ್, ಮಾಡಿಸಿ ಐದು ತಿಂಗಳು ಭಯದಲ್ಲೇ ಕಳೆದಿದ್ರು. ಎಲ್ಎಲ್ ಅವಧಿ ಮುಗಿಯೋಕೆ ಇನ್ನು ನಾಲ್ಕು ವಾರ ಇತ್ತು. "ಈ ಸಲ ಆಗ್ಲಿಲ್ಲ ಅಂದ್ರೆ ಮಗಳು ಕಾರು ಕೊಟ್ಬಿಡೋಣ ಅಂತಿದಾಳೆ ಸಾರ್. ಗಿರಾಕಿನೂ ನೋಡಿಟ್ಟಿದಾಳೆ. ಇವ್ರು ದಿನಾ ಕಿಟಕಿಯಿಂದ ಅದನ್ನೇ ನೋಡ್ತಾ ಕೂತಿರ್ತಾರೆ," ಅಂದ್ರು.

ಮೊದಲನೇ ದಿನ, ಸೆಕೆಂಡ್ ಗೇರಲ್ಲಿ ಚೆನ್ನಾಗೇ ಹೋಗ್ತಿದ್ರು. ನನಗೆ ಶುರುವಾಯ್ತು. ಕಾರು ಗಕ್ಕನೆ ನಿಂತಿತು.

"ಸಾರಿ ಸಾರ್," ಅಂದ್ರು ಮೇಡಂ.

"ನಿಮ್ದೇನೂ ಇಲ್ಲ ಮೇಡಂ, ನಾನು ಸೀನಿದೆ."

"ಕ್ಲಚ್ ಬೇಗ ಬಿಟ್ನಾ?"

"ಇಲ್ಲ, ಬರೀ ಸೀನು."

"ಕ್ಲಚ್ ಬಿಟ್ಟಿದ್ದಕ್ಕೆ ಸೀನಿದ್ರಾ?"

ಎಷ್ಟು ಹೇಳಿದ್ರೂ ಅವರಿಗೆ ನಂಬಿಕೆ ಬರ್ಲಿಲ್ಲ. ದೊಡ್ಡ ಮನಸ್ಸಿಂದ ತಪ್ಪನ್ನ ನನ್ನ ಮೇಲೆ ಹಾಕ್ಕೊಳ್ತಾ ಇದೀನಿ ಅಂದ್ಕೊಂಡ್ರು. ಮಾರನೇ ದಿನ ಒಂದು ಸಣ್ಣ ನೋಟ್‌ಬುಕ್ ತಂದ್ರು. ಕಾರು ನಿಂತಾಗೆಲ್ಲ ಒಂದು ಗೀಟು ಹಾಕೋರು. ವಾರದ ಕೊನೇಲಿ ಅದನ್ನ ನನಗೆ ತೋರಿಸಿದ್ರು.

"ಇವತ್ತು ಮೂವತ್ತೊಂದು ತಪ್ಪು ಸಾರ್," ಅಂದ್ರು. "ನಿನ್ನೆಗಿಂತ ಎರಡು ಕಡಿಮೆ."

ಸಿಗ್ನಲ್‌ನಲ್ಲಿ ಕಂಡಿದ್ದು

ಸೀನಿಗಿಂತ ಕಷ್ಟ ಕಣ್ಣು. ಕೆಂಪಾಗಿ, ತುರಿಸಿ, ಬೆಳಗ್ಗೆ ಎಂಟಕ್ಕೆ ಶುರುವಾದ್ರೆ ಮಧ್ಯಾಹ್ನದವರೆಗೂ ನೀರು. ಕಾರಿನ ತಲೆ ಮೇಲೆ ದೊಡ್ಡದಾಗಿ ಡ್ರೈವಿಂಗ್ ಸ್ಕೂಲ್ ಅನ್ನೋ ಬೋರ್ಡು, ಅದರ ಕೆಳಗೆ ಕರ್ಚೀಫ್ ಹಿಡ್ಕೊಂಡು ಅಳ್ತಾ ಕೂತಿರೋ ಮೇಷ್ಟ್ರು. ಸೇರೋಣ ಅಂತ ಬಂದಿದ್ದ ಇಬ್ರು ಹುಡುಗ್ರು ಬಾಗಿಲಲ್ಲೇ ನನ್ನನ್ನ ನೋಡಿ, "ಅಣ್ಣ, ಆಮೇಲೆ ಬರ್ತೀವಿ," ಅಂತ ಎದುರುಗಡೆ ಸ್ಕೂಲಿಗೆ ಹೋಗಿ ಸೇರ್ಕೊಂಡ್ರು.

ನಮ್ಮ ಓನರ್ ಹಳೇ ಕೆಂಗೇರಿಯವರು. ಕೋಪ ಮಾಡ್ಕೊಳ್ಳೋ ಪೈಕಿ ಅಲ್ಲ. "ಅಲ್ಲ ಕಣಯ್ಯಾ," ಅಂದ್ರು, "ಕಲಿಸೋನೇ ಹಿಂಗೆ ಅಳ್ತಿದ್ರೆ ಕಲಿಯೋನು ಏನ್ ಅಂದ್ಕೋಬೇಕು?"

ವಿಷಯ ನಮ್ಮನೆವರೆಗೂ ಹೋಯ್ತು. ಪಕ್ಕದ ಮನೆ ಆಂಟಿ ತರಕಾರಿಗೆ ಹೋದಾಗ ಸಿಗ್ನಲ್ ಹತ್ರ ನನ್ನನ್ನ ನೋಡಿದಾರೆ. ಬಂದು ನನ್ನ ಹೆಂಡತಿಗೆ, "ನಿಮ್ಮನೆಯವ್ರು ಕಾರಲ್ಲಿ ಅಳ್ತಾ ಕೂತಿದ್ರು ಕಣ್ರೀ. ಪಕ್ಕದಲ್ಲಿ ಒಬ್ರು ಹೆಂಗಸು ಕೈ ಮುಗಿದು ಏನೋ ಬೇಡ್ಕೋತಿದ್ರು," ಅಂದಿದಾರೆ.

ಸಾಯಂಕಾಲ ಕಾಫಿ ಕೊಡ್ತಾ ಹೆಂಡತಿ ಕೇಳಿದ್ಲು. "ಯಾರ್ರೀ ಅವ್ರು?"

"ಸ್ಟೂಡೆಂಟು."

"ಕೈ ಯಾಕೆ ಮುಗೀತಿದ್ರು?"

"ನಾನು ಸೀನಿದ್ದಕ್ಕೆ."

ಅವಳು ಕಾಫಿ ಲೋಟ ನನ್ನ ಮುಂದೆ ಇಟ್ಲು. ಆಮೇಲೆ ಹೇಳಿದ್ಲು. "ಮದುವೆ ಆದಾಗಿಂದ ಸೀನ್ತಾನೇ ಇದೀರಾ. ನಾನು ಒಂದು ದಿನಾನಾದ್ರೂ ಕೈ ಮುಗಿದಿದೀನಾ? ನಾಳೆ ಡಾಕ್ಟ್ರ ಹತ್ರ ಹೋಗಿ."

ಎಡ ಯಾವುದು, ಬಲ ಯಾವುದು

ಬಸವೇಶ್ವರನಗರದಲ್ಲಿ ಒಬ್ರು ಮೂಗಿನ ಡಾಕ್ಟ್ರು. ನಿಧಾನಸ್ಥರು. ಏನ್ ಕೆಲಸ ಅಂತ ಕೇಳಿದ್ರು, ಹೇಳಿದೆ. ಮೂಗಿಗೆ ಲೈಟ್ ಬಿಟ್ಟು ನೋಡಿದ್ರು.

"ಇದು ನೆಗಡಿ ಅಲ್ಲ. ಹೇ ಫೀವರ್ ಅಂತಾರೆ."

"ಜ್ವರ ಇಲ್ವಲ್ಲ ಸಾರ್?"

"ಜ್ವರ ಇರಲ್ಲ. ನೆಗಡಿಯಾದ್ರೆ ವಾರ ಹತ್ತು ದಿನಕ್ಕೆ ಹೋಗುತ್ತೆ. ಇದು ಹೂವು ಇರೋವರೆಗೂ ಇರುತ್ತೆ. ಮೂಗು, ಕಣ್ಣು ತುರಿಸುತ್ತೆ, ನೀರು ನೀರಾಗಿ ಸೋರುತ್ತೆ, ಸಾಲಾಗಿ ಸೀನು. ಹೂವಿನ ಪುಡಿ ಗಾಳೀಲಿ ಬರುತ್ತೆ. ಅದರಿಂದ ನಿಮಗೇನೂ ಅಪಾಯ ಇಲ್ಲ. ಆದ್ರೆ ನಿಮ್ಮ ಮೈ ಅದನ್ನ ಶತ್ರು ಅಂದ್ಕೊಂಡು ಗಾಬರಿ ಬೀಳುತ್ತೆ. ಏನೂ ಅಡ್ಡ ಬರದಿದ್ರೂ ಬ್ರೇಕ್ ಹೊಡೀತಾರಲ್ಲ ಹೊಸಬ್ರು, ಹಂಗೆ."

ಹೊಸಬ್ರನ್ನ ದಿನಾ ಬೈಯೋನು ನಾನು.

ಅವರು ಒಂದೊಂದಾಗಿ ಹೇಳಿದ್ರು. ಆ ಗಿಡದ ಹತ್ರ ಕಾರಿನ ಗ್ಲಾಸ್ ಏರಿಸಿ. ನಮ್ಮ ಕಾರಿನ ಎಸಿ ಸತ್ತು ವರ್ಷ ಆಯ್ತು ಅಂದೆ. ಹಂಗಾದ್ರೆ ಮಾಸ್ಕ್ ಹಾಕಿ, ಕಣ್ಣಿಗೆ ಕನ್ನಡಕ ಹಾಕಿ. ಮನೆಗೆ ಹೋದ ತಕ್ಷಣ ಬಟ್ಟೆ ಬದಲಾಯ್ಸಿ ಸ್ನಾನ ಮಾಡಿ, ಹೊರಗಿನ ಬಟ್ಟೇಲಿ ಹಾಸಿಗೆ ಮೇಲೆ ಬೀಳ್ಬೇಡಿ. ಕುದಿಸಿ ಆರಿಸಿದ ನೀರಿಗೆ ಉಪ್ಪಿನ ಪುಡಿ ಪೊಟ್ಟಣ ಹಾಕಿ ಮೂಗು ತೊಳ್ಕೊಳ್ಳಿ. ದಿನಾ ಮೂಗಿಗೆ ಸ್ಪ್ರೇ, ಸೀನು ಇರ್ಲಿ ಬಿಡ್ಲಿ. "ಇವತ್ತು ಹೊಡೆದು ನಾಳೆ ಆಗ್ಲಿಲ್ಲ ಅಂತ ಬಿಡ್ಬೇಡಿ, ಅದು ಹಿಡಿಯೋಕೆ ಕೆಲವು ದಿನ ಬೇಕು. ಮಾತ್ರೆ ನಾನು ಬರ್ಕೊಟ್ಟಿದ್ದೇ ತಗೊಳ್ಳಿ. ಹಳೇ ಕಾಲದ ನೆಗಡಿ ಮಾತ್ರೆ ಮುಟ್ಬೇಡಿ, ನಿದ್ದೆ ಬರುತ್ತೆ. ನೀವು ಕೂರೋದು ಕಾರಲ್ಲಿ."

ಆಮೇಲೆ ಸ್ಪ್ರೇ ಕೈಗೆ ಕೊಟ್ಟು ಹೊಡ್ಕೊಂಡು ತೋರ್ಸಿ ಅಂದ್ರು. ನಾನು ತಲೆ ಮೇಲೆತ್ತಿ ತೀರ್ಥ ತಗೊಳ್ಳೋ ಥರ ಹೊಡ್ಕೊಂಡೆ.

"ಹಂಗಲ್ಲ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಬಲಗೈಲಿ ಎಡ ಹೊಳ್ಳೆಗೆ, ಎಡಗೈಲಿ ಬಲ ಹೊಳ್ಳೆಗೆ. ತುದಿ ನಡುಗೋಡೆ ಕಡೆ ಬೇಡ, ಹೊರಗಡೆಗೆ, ಕಣ್ಣಿನ ಕಡೆಗೆ."

ನಾನು ಬಲಗೈಲಿ ಬಲಕ್ಕೆ ಹೊಡೆದೆ.

"ಎಡ ಅಂದೆ."

ಎಡಗೈಲಿ ಎಡಕ್ಕೆ ಹೊಡೆದೆ.

"ಗಾಬರಿ ಬೇಡ. ನಿಧಾನ. ಎಡ ಯಾವುದು ತೋರ್ಸಿ?"

ಈ ಮಾತನ್ನ ಇಪ್ಪತ್ತೆರಡು ವರ್ಷದಿಂದ ನಾನು ದಿನಾ ಬೇರೆಯವರಿಗೆ ಹೇಳ್ತಾ ಇದೀನಿ. ಅದನ್ನ ಕೇಳಿಸ್ಕೊಂಡೋರು ಯಾಕೆ ಮತ್ತೆ ತಪ್ಪು ಕಡೆಗೇ ತಿರುಗಿಸ್ತಾರೆ ಅಂತ ಅವತ್ತೇ ಗೊತ್ತಾಗಿದ್ದು. ಮೂರನೇ ಸಲಾನೂ ತಪ್ಪಾಯ್ತು. ಡಾಕ್ಟ್ರು ಪೆನ್ನು ಕೆಳಗಿಟ್ರು.

"ನಮ್ಮ ಮನೆಯವ್ರೂ ಕಾರು ಕಲೀಬೇಕು ಅಂತಿದಾರೆ," ಅಂದ್ರು. "ನಿಮ್ದು ಯಾವ ಸ್ಕೂಲು?"

ನಾನು ಎದುರುಗಡೆ ಸ್ಕೂಲಿನ ಹೆಸರು ಹೇಳಿದೆ.

ಇಪ್ಪತ್ತೊಂದನೇ ಪತ್ರೆ

ಹತ್ತು ದಿನದಲ್ಲಿ ಸ್ಪ್ರೇ ಹಿಡೀತು. ಮೂವತ್ತೊಂದು ಇದ್ದಿದ್ದು ಒಂಬತ್ತಕ್ಕೆ ಇಳೀತು. "ಈಗ ಸ್ವಲ್ಪ ಸುಧಾರಿಸಿದೀನಿ ಅಲ್ವಾ ಸಾರ್?" ಅಂತ ಮೇಡಂ ನೋಟ್‌ಬುಕ್ ತೋರಿಸಿದ್ರು. ಹೌದು ಅಂದೆ. ಟೆಸ್ಟ್‌ಗೆ ಇನ್ನು ಐದು ದಿನ ಇತ್ತು. ಅಷ್ಟರಲ್ಲಿ ಗಣೇಶನ ಹಬ್ಬ ಬಂತು.

ನಮ್ಮ ಆಫೀಸಲ್ಲಿ ಗಣೇಶನ್ನ ಕೂರಿಸ್ತೀವಿ. ಪೂಜೆಗೆ ಇಪ್ಪತ್ತೊಂದು ಥರದ ಪತ್ರೆ ಬೇಕು. ಮಾರ್ಕೆಟ್‌ನಲ್ಲಿ ಕಟ್ಟು ಕಟ್ಟಿ ಮಾರ್ತಾರೆ, ಆದ್ರೆ ಓನರ್ ಅದನ್ನ ಒಪ್ಪಲ್ಲ. "ಅವನು ಯಾವ ಸೊಪ್ಪು ಕಟ್ಟಿರ್ತಾನೋ. ನಾವು ರೈತರ ಮಕ್ಕಳು, ನಾನೇ ಕಿತ್ಕೊಂಡು ಬರ್ತೀನಿ," ಅಂತ ಬೆಳಗ್ಗೆ ಆರಕ್ಕೇ ಹೊರಟ್ರು. ಹೋಗಿದ್ದು ಎಲ್ಲಿಗೆ ಅಂದ್ರೆ, ನಾನು ಕಾರು ಕಲಿಸೋ ಲೇಔಟಿಗೆ. ಅದು ಅವರ ತಾತನ ಹೊಲ ಆಗಿತ್ತಂತೆ. ಎಲ್ಲಿ ಎಕ್ಕ ಇತ್ತು, ಎಲ್ಲಿ ಉತ್ತರಣೆ ಇತ್ತು ಅನ್ನೋದೆಲ್ಲ ಅವರಿಗೆ ಕಣ್ಣಲ್ಲೇ ಇದೆ. ಗಿಡ ಮಾತ್ರ ಅಲ್ಲಿಲ್ಲ. ಅಲ್ಲಿ ಇಲ್ಲಿ ಸುತ್ತಿ ಇಪ್ಪತ್ತು ಒಟ್ಟು ಮಾಡಿದ್ರು. ಇಪ್ಪತ್ತೊಂದನೇದು ಸಿಗ್ಲಿಲ್ಲ. ಆ ಜಾಗದಲ್ಲಿ ಬೆಳೆದಿದ್ದಿದ್ದು ಒಂದೇ ಗಿಡ. ಅದನ್ನೇ ಹೂವಿನ ಸಮೇತ ಒಂದು ತೆಕ್ಕೆ ಕಿತ್ಕೊಂಡು ಬಂದ್ರು.

ಸೀನಿಯರ್ ಅಂತ ತಟ್ಟೆ ಹಿಡ್ಕೊಳ್ಳೋ ಗೌರವ ನನಗೆ. ಪೂಜೆಗೆ ಮಾಸ್ಕ್ ಚೆನ್ನಾಗಿರಲ್ಲ ಅಂತ ತೆಗೆದಿಟ್ಟಿದ್ದೆ. ತಟ್ಟೇಲಿ ಅರಿಶಿನ, ಕುಂಕುಮ, ಅಕ್ಷತೆ, ಅದರ ಮೇಲೆ ಪತ್ರೆ ರಾಶಿ, ಅದರ ಮೇಲೆ ನನ್ನ ಮೂಗು. ಪುರೋಹಿತರು ಒಂದೊಂದೇ ಪತ್ರೆ ಎತ್ತಿ, ಒಂದೊಂದು ಹೆಸರು ಹೇಳಿ ಏರಿಸ್ತಾ ಬಂದ್ರು. ಇಪ್ಪತ್ತಾಯ್ತು. ಕೆಳಗಿದ್ದ ತೆಕ್ಕೆ ಈಚೆ ಬಂತು. ಪುರೋಹಿತರು ಅದನ್ನ ನೋಡಿದ್ರು, ಓನರ್ ಮುಖ ನೋಡಿದ್ರು.

"ಇದ್ಯಾವ ಪತ್ರೆ ಸ್ವಾಮಿ?"

"ಮಂತ್ರದಲ್ಲಿ ಯಾವುದು ಬಾಕಿ ಇದ್ಯೋ ಅದು," ಅಂದ್ರು ಓನರ್.

ಪುರೋಹಿತರು ಅದನ್ನ ಒಂದ್ಸಲ ಕೊಡವಿದ್ರು.

ಹನ್ನೊಂದು ಸೀನು ಬಂತು. ಯಾರೋ ಎಣಿಸಿದ್ರು. ತಟ್ಟೇಲಿದ್ದ ಕುಂಕುಮ ಓನರ್ ಬಿಳೀ ಅಂಗಿ ಮೇಲೆ, ಅರಿಶಿನ ಅಕೌಂಟ್ಸ್ ಹುಡುಗಿ ಮುಖದ ಮೇಲೆ, ಅಕ್ಷತೆ ಎಲ್ಲರ ತಲೆ ಮೇಲೆ. ಗಣೇಶನಿಗೂ ಸ್ವಲ್ಪ ಸಿಕ್ತು. ಪುರೋಹಿತರು ಕಣ್ಣೊರೆಸ್ಕೊಂಡು, ಗಂಟೆ ತಗೊಂಡು ಹೇಳಿದ್ರು.

"ಆಯ್ತು. ಎಲ್ಲರಿಗೂ ತಲುಪ್ತಲ್ಲ. ಇನ್ನು ಬೇರೆ ಹಂಚೋದು ಬೇಡ."

ತಪ್ಪಿಲ್ಲದ ದಿನ

ಇದನ್ನ ಹೇಳೋಕೆ ನನಗೆ ಈಗ್ಲೂ ನಾಚಿಕೆ.

ಹಬ್ಬದ ಮಾರನೇ ದಿನ ಕಣ್ಣು ಬಿಡೋಕಾಗದಷ್ಟು ಊದಿತ್ತು. ಮೂಗು ಪೂರ್ತಿ ಬಂದ್. ಟೆಸ್ಟ್‌ಗೆ ನಾಲ್ಕೇ ದಿನ. ಮೇಡಂಗೆ ಈಗ ತಾನೇ ಧೈರ್ಯ ಬಂದಿದೆ, ಮತ್ತೆ ಮೂವತ್ತೊಂದು ಸಲ ನಿಂತ್ರೆ ಅವರು ಟೆಸ್ಟ್‌ಗೇ ಬರಲ್ಲ ಅಂತ ನನಗೆ ಭಯ. ಓನರ್ ಡ್ರಾಯರಿಂದ ಒಂದು ಸಣ್ಣ ಹಳದಿ ಮಾತ್ರೆ ತೆಗೆದು, "ನಮ್ಮಮ್ಮ ಇದನ್ನೇ ತಗೋತಿದ್ದಿದ್ದು, ಅರ್ಧ ಗಂಟೇಲಿ ನಿಲ್ಲುತ್ತೆ," ಅಂದ್ರು. ಡಾಕ್ಟ್ರು ಹೇಳಿದ್ದು ನೆನಪಿತ್ತು. ಆದ್ರೂ ನುಂಗಿದೆ.

ಕೆಂಗೇರಿ ದಾಟಿ ಮೈಸೂರು ರೋಡಲ್ಲಿ ಹೋಗ್ತಿದ್ವಿ. "ಎಡಕ್ಕೆ ಸೇರ್ಕೊಂಡು ನೇರವಾಗಿ ಹೋಗ್ತಿರಿ ಮೇಡಂ, ನಾನು ಹೇಳ್ತೀನಿ," ಅಂದೆ. ಅದಾದ್ಮೇಲೆ ನಾನು ಏನೂ ಹೇಳ್ಲಿಲ್ಲ.

ಎಚ್ಚರ ಆದಾಗ ಕಾರು ನೆರಳಲ್ಲಿ ನಿಂತಿತ್ತು. ಎರಡು ಕಾರಿನ ಮಧ್ಯೆ, ಅಳತೆ ಹಿಡಿದ ಹಂಗೆ ನೀಟಾಗಿ. ಮೇಡಂ ಡ್ರೈವರ್ ಸೀಟಲ್ಲಿ ಕೂತು ಕೈ ಒರೆಸ್ಕೋತಿದ್ರು. ಎದುರಿಗೆ ಹೋಟೆಲ್ ಬೋರ್ಡು.

"ಎಲ್ಲಿದೀವಿ ಮೇಡಂ?"

"ಬಿಡದಿ ಸಾರ್. ತಟ್ಟೆ ಇಡ್ಲಿ ಪಾರ್ಸಲ್ ತಂದಿದೀನಿ ನಿಮಗೆ."

ಲಾರಿ, ಬಸ್ಸು ಎಲ್ಲ ಓಡಾಡೋ ರೋಡಲ್ಲಿ, ಎಲ್ಎಲ್ ಇರೋರ ಪಕ್ಕದಲ್ಲಿ ಮೇಷ್ಟ್ರು ನಿದ್ದೆ. ಇದಕ್ಕೆ ಜೈಲಿಗೆ ಹಾಕಿದ್ರೂ ಕಡಿಮೆ. "ನನ್ನನ್ನ ಎಬ್ಬಿಸಬಾರ್ದಾಗಿತ್ತಾ?" ಅಂದೆ.

"ಯಾಕೆ ಸಾರ್? ನೀವು ಒಂದ್ಸಲಾನೂ ಸೀನ್ಲಿಲ್ಲ," ಅಂದ್ರು ಮೇಡಂ. ಮುಖದಲ್ಲಿ ಅಂಥ ಸಂತೋಷ ನಾನು ನೋಡಿರ್ಲಿಲ್ಲ. "ಕಣ್ಣು ಮುಚ್ಚಿ ಆರಾಮಾಗಿ ಕೂತಿದ್ರಿ. ಇವತ್ತು ನನ್ನದು ಒಂದೂ ತಪ್ಪಿಲ್ಲ ಅಂದ್ಕೊಂಡೆ."

ನೋಟ್‌ಬುಕ್ ತೋರಿಸಿದ್ರು. ಆ ದಿನದ ಪುಟ ಖಾಲಿ.

ವಾಪಸ್ ನಾನು ಓಡಿಸೋ ಹಂಗಿಲ್ಲ, ಕಣ್ಣು ಇನ್ನೂ ಎಳೀತಿತ್ತು. ಓನರ್‌ಗೆ ಫೋನ್ ಮಾಡಿದೆ. ಅವರು ಬಸ್ಸಲ್ಲಿ ಬಂದು ಮುಂದೆ ಕೂತ್ರು, ಮೇಡಂ ಓಡಿಸಿದ್ರು, ನಾನು ಹಿಂದೆ ಪಾರ್ಸಲ್ ಹಿಡ್ಕೊಂಡು ಕೂತೆ. ವಿಜಯನಗರದವರೆಗೂ ಓನರ್ ಮೇಡಂ ಓಡಿಸೋದನ್ನೇ ನೋಡ್ತಾ ಬಂದ್ರು. ಇಳಿಯೋವಾಗ ಮಾತ್ರ ನನ್ನ ಕಡೆ ತಿರುಗಿದ್ರು.

"ಈ ಯಮ್ಮಂಗೆ ಲೈಸೆನ್ಸ್ ಸಿಗುತ್ತೆ ಕಣಯ್ಯಾ," ಅಂದ್ರು. "ನಿಂಗ್ಯಾರು ಕೊಟ್ಟಿದ್ದು?"

ಮೊದಲನೇ ವಾಕ್ಯ

ಸಿಕ್ತು. ಎಲ್ಎಲ್ ಮುಗಿಯೋಕೆ ಎರಡು ದಿನ ಇದ್ದಾಗ ಟೆಸ್ಟ್. ನಾನು ಮಾಸ್ಕ್, ಕನ್ನಡಕ ಹಾಕ್ಕೊಂಡು ಆರ್‌ಟಿಓ ಗೇಟಿನ ಆಚೆ ನಿಂತಿದ್ದೆ. ಇನ್ಸ್‌ಪೆಕ್ಟ್ರು ಇಳಿದು ಟಿಕ್ ಹಾಕಿದ್ರು. ಮೇಡಂ ಮಗಳಿಗೆ ಫೋನ್ ಮಾಡಿ, "ಆ ಗಿರಾಕಿಗೆ ಬೇಡ ಅನ್ನು," ಅಂತ ಒಂದೇ ಮಾತು ಹೇಳಿ ಇಟ್ರು.

ಮುಂದಿನ ವಾರ ಯಜಮಾನ್ರನ್ನ ಕರ್ಕೊಂಡು ಹೋಗೋ ಮೊದಲನೇ ದಿನ ನಾನೂ ಜೊತೆಗಿರಬೇಕು ಅಂದ್ರು. ಅವರ ಸ್ವಂತ ಕಾರು. ಯಜಮಾನ್ರು ಮುಂದೆ, ನಾನು ಹಿಂದೆ. ಹನ್ನೆರಡು ವರ್ಷ ತಾವೇ ಓಡಿಸಿದ ಕಾರಲ್ಲಿ ಅವರು ಎಡಗಡೆ ಕೂತಿದ್ದು ಅದೇ ಮೊದಲು. ಒಂಬತ್ತು ತಿಂಗಳಿಂದ ಅವರ ಬಾಯಿಂದ ಒಂದು ಸರಿಯಾದ ಮಾತು ಬಂದಿರ್ಲಿಲ್ಲ. ಹೂಂ, ಆಂ, ಅಷ್ಟೇ. ಕೆಲವು ಸಲ ನೀರು ಬೇಕಾದ್ರೆ ಪೇಪರ್ ಅನ್ನೋರಂತೆ, ಅದು ತಪ್ಪು ಅಂತ ಗೊತ್ತಾಗಿ ಕಣ್ಣಲ್ಲಿ ನೀರು ಹಾಕೋರಂತೆ. ಫಿಸಿಯೋಥೆರಪಿ ಜಾಗದಲ್ಲೇ ಮಾತು ಕಲಿಸೋಕೂ ಒಬ್ಬ ಹುಡುಗಿ ಇದ್ಲು. ದಿನಾ ಚಿತ್ರ ತೋರಿಸಿ ಕೇಳೋಳು. ಏನೂ ಬಂದಿರ್ಲಿಲ್ಲ.

ಮೇಡಂ ನನ್ನ ಮೂಗು ನೆನಪಿಟ್ಕೊಂಡು ನಾಲ್ಕೂ ಗ್ಲಾಸ್ ಏರಿಸಿ, ಎಸಿ ಹಾಕಿದ್ರು. ಹೊರಗಿನ ಗಾಳಿ ಒಳಗೆ ಬರದಂಗೆ ಗುಂಡಿನೂ ಒತ್ತಿದ್ರು. ಕಾರು ಮೈಸೂರು ರೋಡ್ ಸೇರ್ತು. ಚೆನ್ನಾಗಿ ಓಡಿಸ್ತಿದ್ರು. ನಾನು ಹೇಳೋಕೇನೂ ಇರ್ಲಿಲ್ಲ.

ಯಜಮಾನ್ರು ಎಡಗೈ ಎತ್ತಿ ಎಸಿ ಕಡೆ ತೋರಿಸಿದ್ರು. ತುಟಿ ಎರಡು ಮೂರು ಸಲ ಅಲುಗಾಡ್ತು.

"ಎಸಿ," ಅಂದ್ರು.

ಮೇಡಂ ಕನ್ನಡೀಲಿ ನನ್ನನ್ನ ನೋಡಿದ್ರು.

"ಎಸಿ ಆಫ್ ಮಾಡೇ. ಪೆಟ್ರೋಲ್ ಕುಡಿಯುತ್ತೆ."

ಮೇಡಂ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಎಡಕ್ಕೆ ಸೇರಿಸಿ ಕಾರು ನಿಲ್ಲಿಸಿದ್ರು. ಎಲ್ಲ ಕ್ರಮವಾಗಿ. ಹ್ಯಾಂಡ್‌ಬ್ರೇಕ್ ಎಳೆದು ಯಜಮಾನ್ರ ಕಡೆ ತಿರುಗಿದ್ರು. ನಾನು ಕಿಟಕಿ ಆಚೆ ನೋಡಿದೆ. ಆಮೇಲೆ ಅವರು ಎಸಿ ಆಫ್ ಮಾಡಿದ್ರು. ಗ್ಲಾಸ್ ಇಳಿಸೋಕೆ ನನ್ನ ಮೂಗು ಬಿಡಲ್ಲ. ಮೂವರೂ ಬೆವರ್ತಾ ಕೆಂಗೇರಿ ಸೇರಿದ್ವಿ.

ವಿಷಯ ಕೇಳಿ ಮಾತು ಕಲಿಸೋ ಹುಡುಗಿ ಓಡಿ ಬಂದ್ಲು. ಫೈಲ್ ತೆಗೆದು, ಪೆನ್ನು ಹಿಡ್ಕೊಂಡು ನಿಂತ್ಲು. "ಮೊದಲನೇ ವಾಕ್ಯ ತುಂಬಾ ಮುಖ್ಯ ಆಂಟಿ. ಏನಂದ್ರು, ಹಂಗೇ ಹೇಳಿ, ಬರ್ಕೋತೀನಿ."

ಮೇಡಂ ಯಜಮಾನ್ರ ಕಡೆ ನೋಡಿದ್ರು. ನನ್ನ ಕಡೆ ನೋಡಿದ್ರು. ಅವರ ಕಾಲದ ಗಂಡಸ್ರು ಹೆಂಡತೀನ ಹೆಸರು ಹಿಡಿದು ಕರೆಯೋದು ಕಡಿಮೆ. ಇವರ ಮನೇಲಿ ಮೂವತ್ತು ವರ್ಷನೂ "ಲೇ, ಇಲ್ನೋಡು" ಅಂತಲೇ ನಡೆದಿತ್ತು ಅಂತ ಮೇಡಮ್ಮೇ ಒಂದಿನ ಹೇಳಿದ್ರು.

ಸೆರಗು ಸರಿ ಮಾಡ್ಕೊಂಡು ಮೇಡಂ ಹೇಳಿದ್ರು. "ನನ್ನ ಹೆಸರು ಹಿಡಿದು ಕರೆದ್ರು ಅಂತ ಬರ್ಕೋಮ್ಮ."

ಹುಡುಗಿ ಬರ್ಕೊಳ್ಳೋಕೆ ಬಗ್ಗಿದ್ಲು. ಯಜಮಾನ್ರು ವೀಲ್‌ಚೇರಲ್ಲಿ ನಿಧಾನವಾಗಿ ತಲೆ ಎತ್ತಿದ್ರು.

"ಸುಳ್ಳು," ಅಂದ್ರು. ತುಂಬಾ ಸ್ಪಷ್ಟವಾಗಿ.